ಕುತ್ತಿಗೆಯ ಮೇಲಿನ ಬೂದಿ

ಇಳಕಲ್
12 ಜುಲೈ 1981

ಡಾಕ್ಟರ್ ಬನಶಂಕರಿ ಬಾಯಾರಿಗೆ,

ಇಳಕಲ್ಲಿನ ಹೆರಿಗೆ ದವಾಖಾನೆಯ ಆಯಾ ಶಹರಬಾನು ಬರೆಯುವುದು. ನೀವು ಹುನಗುಂದದಲ್ಲಿದ್ದಾಗ ವಾರಕ್ಕೆರಡು ದಿನ ಇಲ್ಲಿಗೆ ಬರುತ್ತಿದ್ದಿರಿ. ಅಡ್ಡ ತಿರುಗಿದ ಕೂಸುಗಳನ್ನು ಇಬ್ಬರೂ ಸೇರಿ ಹೊರಗೆ ತಂದಿದ್ದೇವೆ, ಮರೆತಿರಲಿಕ್ಕಿಲ್ಲ. ಈಗ ಬಾಗಲಕೋಟೆಗೆ ವರ್ಗವಾಗಿದೆ ಎಂದು ಕೇಳಿದೆ. ಕ್ಷೇಮ ವಿಚಾರಿಸುವಷ್ಟು ತಾಳ್ಮೆ ಇವತ್ತು ನನ್ನಲ್ಲಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ವಿಭೂತಿ ಮಾರುವ ಹೊಳಬಸಪ್ಪಜ್ಜನನ್ನು ಹಿಡಿದು ಒಳಗೆ ಹಾಕಿದ್ದಾರೆ. ಏಪ್ರಿಲ್ ತಿಂಗಳಲ್ಲಿ ಸಿದ್ದಲಿಂಗವ್ವ, ಜೂನ್ ತಿಂಗಳಲ್ಲಿ ಮಾಯವ್ವ, ಇಬ್ಬರನ್ನೂ ಹಾಡಹಗಲೇ ಅವರದೇ ಸೆರಗಿನಿಂದ ಕುತ್ತಿಗೆ ಬಿಗಿದು ಕೊಂದವರು ಅವರೇ ಅಂತೆ! ಶಿವಯೋಗ ಮಂದಿರದಲ್ಲಿ ತಾವೇ ಕಟ್ಟಿದ ವಿಭೂತಿ ಗಟ್ಟಿಗಳನ್ನು ಜೋಳಿಗೆಯಲ್ಲಿ ಹೊತ್ತು ಬಾದಾಮಿ, ಗುಳೇದಗುಡ್ಡ, ಇಳಕಲ್ ಎಂದು ಮನೆಮನೆ ತಿರುಗುವ ಎಪ್ಪತ್ತರ ಮುದುಕ. ಇಪ್ಪತ್ತು ವರ್ಷದಿಂದ ನಮ್ಮ ಓಣಿಯ ಬೇವಿನ ಗಿಡದ ಕೆಳಗೆ ಕೂತು ದಣಿವಾರಿಸಿಕೊಂಡು ಹೋಗುತ್ತಾರೆ. ನಮ್ಮ ಮಂದಿ ವಿಭೂತಿ ಕೊಳ್ಳುವವರಲ್ಲ, ಆದರೂ ಹೋಗುವಾಗ ನಮ್ಮೆಲ್ಲರ ಮಕ್ಕಳ ಆರೋಗ್ಯ ಕೇಳಿಯೇ ಹೋಗುತ್ತಾರೆ.

ಠಾಣೆಗೆ ಹೋಗಿ ಯಾಕೆ ಹಿಡಿದಿರಿ ಎಂದು ಕೇಳಿದೆ. ಫೌಜದಾರ ನಕ್ಕ. "ಡಾಕ್ಟರಬಾಯಾರ ಬರದ ಕೊಟ್ಟಾರವ್ವಾ, ಹೆಣದ ಕುತ್ತಿಗಿ ಮ್ಯಾಲೆ ವಿಭೂತಿ ಐತಿ ಅಂತ. ವಿಭೂತಿ ಹೊತಗೊಂಡು ತಿರಗಾಂವ ಮತ್ಯಾಂವ ಅದಾನ, ನೀನ ಹೇಳು" ಎಂದ.

ನೀವು ಏನು ಬರೆದಿರಿ, ಯಾಕೆ ಬರೆದಿರಿ? ಈ ಸೀಮೆಯಲ್ಲಿ ವಿಭೂತಿ ಇರುವ ಮನೆಗಳನ್ನೆಲ್ಲ ಜೇಲಿಗೆ ಹಾಕುವುದಾದರೆ ಹೊರಗೆ ಉಳಿಯುವವರು ನಾವಷ್ಟೇ. ಉತ್ತರ ಬರೆಯಿರಿ.

ಶಹರಬಾನು


ಬಾಗಲಕೋಟೆ
20 ಜುಲೈ 1981

ಶಹರಬಾನು ಅವರಿಗೆ,

ನಿಮ್ಮ ಪತ್ರದ ದನಿ ನನಗೆ ಹಿಡಿಸಲಿಲ್ಲ. ಆದರೂ ನಿಮ್ಮ ಮೇಲಿನ ವಿಶ್ವಾಸಕ್ಕೆ ಉತ್ತರಿಸುತ್ತಿದ್ದೇನೆ.

ಎರಡೂ ಹೆಣಗಳನ್ನು ಕೊಯ್ದು ನೋಡಿದವಳು ನಾನು. ಇಬ್ಬರೂ ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇದ್ದಾಗ ಸತ್ತವರು. ಸಿದ್ದಲಿಂಗವ್ವನ ಬೆರಳ ಸಂದಿಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇತ್ತು. ಬೆನ್ನ ಹಿಂದಿನಿಂದ ಬಂದು ಸೆರಗನ್ನು ಕುತ್ತಿಗೆಗೆ ಸುತ್ತಿ ಬಿಗಿದಿದ್ದಾನೆ. ಕೂತ ಹೆಂಗಸಿಗೆ ಹಾಗೆ ಮಾಡಲು ಹರೆಯದ ಗಂಡಸೇ ಬೇಕೆಂದಿಲ್ಲ, ಎಪ್ಪತ್ತರವನಿಗೂ ಸಾಧ್ಯ. ಇಬ್ಬರ ಕುತ್ತಿಗೆಯ ಗೆರೆಯೊಳಗೂ, ಸೆರಗನ್ನು ಕೈಯಲ್ಲಿ ಹಿಡಿದಿರಬಹುದಾದ ಎರಡು ಕಡೆಗಳಲ್ಲೂ ಬೂದು ಬಣ್ಣದ ನುಣ್ಣನೆಯ ಪುಡಿ ಅಂಟಿತ್ತು. ಮನೆಯವರು ಹೆಣಕ್ಕೆ ಇನ್ನೂ ವಿಭೂತಿ ಹಚ್ಚಿರಲಿಲ್ಲ ಎಂದು ಪಂಚನಾಮೆಯಲ್ಲೇ ಇದೆ. ಹಾಗಾದರೆ ಅದು ಕೊಂದವನ ಕೈಯಿಂದಲೇ ಬಂದದ್ದು. ಇದನ್ನು ಗಮನಿಸಿದವಳು ನಾನೊಬ್ಬಳೇ, ಫೌಜದಾರನಲ್ಲ. ನಾನು ಬರೆಯದಿದ್ದರೆ ಎರಡೂ ಕೇಸು "ಅಪರಿಚಿತರ ಕೃತ್ಯ" ಎಂದು ಮೂಲೆ ಸೇರುತ್ತಿದ್ದವು.

ಆ ಮುದುಕ ಎರಡೂ ದಿನ ಆ ಓಣಿಗಳಲ್ಲಿ ಇದ್ದದ್ದನ್ನು ಕಂಡವರಿದ್ದಾರೆ. ಗ್ರಾನೈಟ್ ಪಾಲಿಶ್ ಶೆಡ್ಡಿನಲ್ಲಿ ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮ ಶಂಕ್ರಪ್ಪ ಪೊಲೀಸರಿಗೆ ಹೇಳಿದ್ದಾನೆ. ಎರಡೂ ಪಂಚನಾಮೆಗೆ ಪಂಚನಾಗಿ ಸಹಿ ಹಾಕಿದವನೂ ಅವನೇ. ಹೆಣ ಮುಟ್ಟಲು ಪೇದೆಗಳು ಹಿಂದೆಮುಂದೆ ನೋಡುವಾಗ ಮುಂದೆ ಬಂದು ಸೆರಗು ಬಿಚ್ಚಿಕೊಟ್ಟ. ಊರಲ್ಲಿ ಅಂಥ ನಾಲ್ಕು ಜನ ಇದ್ದರೆ ನಮ್ಮ ಕೆಲಸ ಸಲೀಸಾಗುತ್ತದೆ.

ನನಗೆ ಸಿಟ್ಟು ಬಂದಿರುವುದು ಇನ್ನೊಂದಕ್ಕೆ. ಇಬ್ಬರು ಹೆಂಗಸರು ತಮ್ಮ ಒಲೆಯ ಮುಂದೆ ಸತ್ತರು. ಅವರ ಪರವಾಗಿ ನನಗೆ ಒಂದೇ ಒಂದು ಕಾಗದ ಬರಲಿಲ್ಲ. ಹಿಡಿದವನ ಪರವಾಗಿ ಮಾತ್ರ ಬಂತು.

ಬನಶಂಕರಿ


ಇಳಕಲ್
2 ಆಗಸ್ಟ್ 1981

ಡಾಕ್ಟರಬಾಯಾರಿಗೆ,

ಸತ್ತವರ ಪರ ಕಾಗದ ಬರಲಿಲ್ಲ ಎಂದು ಬರೆದಿದ್ದೀರಿ. ಮಾಯವ್ವನ ಮನೆಯಲ್ಲಿ ಅಕ್ಷರ ಬಲ್ಲವರಿಲ್ಲ. ಸಿದ್ದಲಿಂಗವ್ವನ ಗಂಡ ಇನ್ನೂ ಮಾತು ಬಿಟ್ಟು ಕೂತಿದ್ದಾನೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ನಾನು ಬರೆದರೆ ನನ್ನ ದನಿ ಸರಿಯಿಲ್ಲ. ಇನ್ನು ಯಾರು ಬರೆಯಬೇಕು?

ನಿನ್ನೆ ರೊಟ್ಟಿ ಕಟ್ಟಿಕೊಂಡು ಜೇಲಿಗೆ ಹೋಗಿದ್ದೆ. ಅಜ್ಜನ ಬಲಗೈ ಬಾತು ಕುಂಬಳಕಾಯಿಯಾಗಿದೆ. ಒಪ್ಪಿಕೋ ಎಂದು ಬಡಿದಿದ್ದಾರೆ, ಅವರು ಒಪ್ಪಿಕೊಂಡಿಲ್ಲ. ನಾನೇ ರೊಟ್ಟಿ ಮುರಿದು ಬಾಯಿಗೆ ಇಟ್ಟೆ. "ಹುಟ್ಟಿದ ಕೂಸಿಗೂ ನನ್ನ ವಿಭೂತಿ ಹಚ್ಚತಾರ, ಹೆಣಕ್ಕೂ ಹಚ್ಚತಾರ. ನನ್ನ ಕೈಗೆ ಇಷ್ಟ ದಿನ ಮಂದಿ ನಮಸ್ಕಾರ ಮಾಡತಿದ್ರು. ಈಗ ನೋಡವಾ, ಬೂಟಗಾಲಿಲೆ ತುಳಿದ್ರು" ಎಂದರು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಫಾಶಿಗೆ ಹಾಕುತ್ತೇವೆ ಎಂದು ಅವರಿಗೆ ದಿನಾ ಹೇಳುತ್ತಾರಂತೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗದೆ ಉತ್ತರಿಸಿ. ನೀವು ಹೆಣ ಕೊಯ್ಯುತ್ತೀರಿ. ನಮ್ಮ ಜಮಾತಿನ ಹೆಂಗಸರು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸುವವಳು ನಾನು. ಮೈಮೇಲಿನ ಗುರುತು ನನಗೂ ಅಷ್ಟಿಷ್ಟು ತಿಳಿಯುತ್ತವೆ. ವಿಭೂತಿಯನ್ನೇ ಮುಟ್ಟದ ಒಂದು ಮನೆ ಇದೆ ಅಂದುಕೊಳ್ಳಿ. ಅಲ್ಲಿ ಒಬ್ಬಳು ಹೀಗೇ ಸತ್ತರೆ, ಅವಳ ಕುತ್ತಿಗೆಯಲ್ಲೂ ಅದೇ ಬೂದಿ ಸಿಕ್ಕರೆ, ನಿಮ್ಮ ಲೆಕ್ಕ ಏನಾಗುತ್ತದೆ?

ಶಹರಬಾನು


ಬಾಗಲಕೋಟೆ
11 ಆಗಸ್ಟ್ 1981

ಶಹರಬಾನು ಅವರಿಗೆ,

ಹೊಡೆದದ್ದು ತಪ್ಪು. ನಾನದನ್ನು ಸಮರ್ಥಿಸುವುದಿಲ್ಲ, ಮೇಲಿನವರಿಗೆ ತಿಳಿಸುತ್ತೇನೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನಮ್ಮ ಮನೆ, ನಿಮ್ಮ ಮನೆ ಎಂಬ ಮಾತು ಯಾಕೆ ಬಂತು? ಅವನು ವಿಭೂತಿಯವನು ಎಂದು ನಾನು ಅವನನ್ನು ಸಿಕ್ಕಿಸಲಿಲ್ಲ. ನಾನೂ ಲಿಂಗ ಕಟ್ಟಿದವಳೇ, ದಿನಾ ಹಣೆಗೆ ವಿಭೂತಿ ಧರಿಸುವವಳೇ. ನನ್ನವರ ವಿರುದ್ಧವೇ ಬರೆದಿದ್ದೇನೆ ಎಂದಾದರೂ ನಿಮಗೆ ಅನ್ನಿಸಬೇಕಿತ್ತು. ಹೆಣದ ಮೇಜಿನ ಮೇಲೆ ಜಾತಿ ಧರ್ಮ ನೋಡುವವಳು ನಾನಲ್ಲ. ಅಂದುಕೊಳ್ಳಿ, ಆದರೆ, ಹೋದರೆ ಎನ್ನುವ ಮಾತುಗಳಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ನಿಮಗೆ ನಿಜವಾಗಿ ಏನಾದರೂ ಗೊತ್ತಿದ್ದರೆ ಪೊಲೀಸರಿಗೆ ಹೇಳಿ. ಗೊತ್ತಿದ್ದೂ ಮುಚ್ಚಿಟ್ಟರೆ ಅದೂ ಅಪರಾಧವೇ, ಶಿಕ್ಷೆಯಿದೆ.

ಬನಶಂಕರಿ


ಬಾಗಲಕೋಟೆ
28 ಸೆಪ್ಟೆಂಬರ್ 1981

ಶಹರಬಾನು ಅವರಿಗೆ,

ಒಂದೂವರೆ ತಿಂಗಳಾಯಿತು, ನಿಮ್ಮ ಕಾಗದ ಬರಲಿಲ್ಲ. ಸಿಟ್ಟಾಗಿದ್ದೀರಿ ಎಂದುಕೊಂಡು ಸುಮ್ಮನಿದ್ದೆ. ನಿನ್ನೆ ಇಲ್ಲಿ ಒಂದು ಹೆಣ ಬಂತು. ಬಾವಿಗೆ ಬಿದ್ದು ಸತ್ತ ಸಾಬರ ಹುಡುಗಿ. ನಮ್ಮ ಶವಾಗಾರದ ಈರಪ್ಪ ಎಂದಿನ ರೂಢಿಯಂತೆ ಜೇಬಿನಿಂದ ವಿಭೂತಿ ತೆಗೆದು ಅವಳ ಹಣೆಗೆ ಕೈ ಒಯ್ದವನು ಅರ್ಧಕ್ಕೇ ನಿಂತು, "ಅಯ್ಯ, ಇವರೊಳಗ ಹಚ್ಚಂಗಿಲ್ಲಲ್ರಿ" ಎಂದು ಕೈ ಹಿಂತೆಗೆದುಕೊಂಡ.

ನೀವು ನನ್ನ ಜೊತೆ ಧರ್ಮದ ಜಗಳ ತೆಗೆದಿರಲಿಲ್ಲ ಎಂದು ಆಗ ಹೊಳೆಯಿತು. ವಿಭೂತಿ ಮುಟ್ಟದ ಆ ಮನೆ ಬರೀ ಊಹೆಯಲ್ಲ, ನಿಮ್ಮ ಕೈಯಿಂದ ಯಾರನ್ನೋ ತೊಳೆದಿದ್ದೀರಿ. ನಾನು ಶಿಕ್ಷೆಯ ಮಾತೆತ್ತಿ ನಿಮ್ಮ ಬಾಯಿ ಮುಚ್ಚಿಸಿದೆ.

ಯಾರ ಮನೆ? ದಯವಿಟ್ಟು ಬರೆಯಿರಿ. ಮುದುಕನ ಮೇಲೆ ಕೋರ್ಟಿಗೆ ಕಾಗದ ಹೋಗಿಯಾಗಿದೆ.

ಬನಶಂಕರಿ


ಇಳಕಲ್
4 ಅಕ್ಟೋಬರ್ 1981

ಬಾಯಾರಿಗೆ,

ನಮ್ಮ ಓಣಿಯ ಮಾಬುಬಿ. ಇಪ್ಪತ್ತೆರಡು ವರ್ಷ. ಅವಳನ್ನು ಹುಟ್ಟಿಸಿದ್ದೂ ಈ ಕೈ, ತೊಳೆದದ್ದೂ ಈ ಕೈ.

ಫೆಬ್ರವರಿ 19, ಗುರುವಾರ. ತಾಯಿ ಖೈರುನಬಿ ಸಂತೆಗೆ ಹೋಗಿದ್ದಳು. ತಿರುಗಿ ಬಂದಾಗ ಮಗಳು ಮಗ್ಗದ ಪಕ್ಕ ಬಿದ್ದಿದ್ದಳು. ನನ್ನನ್ನು ಕರೆಸಿ ಕದ ಹಾಕಿ ಕಾಲು ಹಿಡಿದಳು. "ಜ್ವರ ಬಂದು ಹೋದ್ಳು ಅಂತೇನಿ. ನೀನೂ ಹಂಗ ಅನ್ನು. ಪೊಲೀಸರಿಗೆ ಗೊತ್ತಾದ್ರ ನನ್ನ ಮಗಳನ್ನ ಬೆತ್ತಲೆ ಮಲಗಿಸಿ ಗಂಡಸರು ಕೊಯ್ತಾರ" ಎಂದಳು. ನಾನು ಹೂಂ ಎಂದೆ. ಕುತ್ತಿಗೆಯ ಸುತ್ತ ಬೆರಳಗಲದ ಗೆರೆ ಕಪ್ಪಾಗಿ ಕಾಣುತ್ತಿತ್ತು. ಕಂಡೂ ಹೂಂ ಎಂದೆ. ಅವತ್ತೇ ಸಂಜೆ ಮಣ್ಣು ಮಾಡಿದರು.

ಅವಳ ಕೊರಳಲ್ಲಿ ತಾಯಿತದ ಕರಿದಾರ ಇತ್ತು. ದಾರದ ಗಂಟಿನಲ್ಲಿ ಬೂದಿಯಂಥದ್ದು ಮೆತ್ತಿಕೊಂಡಿತ್ತು. ಇವಳಿಗೆ ಬೂದಿ ಯಾಕೆ ಬಂತು ಎಂದು ಆಗಲೇ ಅನ್ನಿಸಿತ್ತು. ನೀರು ಹಾಕುವ ಮೊದಲು ದಾರ ಕತ್ತರಿಸಿ ಬಟ್ಟೆಯ ಚೂರಿನಲ್ಲಿ ಕಟ್ಟಿ ಟ್ರಂಕಿನಲ್ಲಿಟ್ಟೆ. ಇಟ್ಟವಳು ಯಾರಿಗೂ ಹೇಳಲಿಲ್ಲ.

ನಾನು ಅವತ್ತೇ ಬಾಯಿ ಬಿಟ್ಟಿದ್ದರೆ ಸಿದ್ದಲಿಂಗವ್ವ ಇರುತ್ತಿದ್ದಳು, ಮಾಯವ್ವ ಇರುತ್ತಿದ್ದಳು. ನಿಮ್ಮ ಮೇಲೆ ಅಷ್ಟು ಸಿಟ್ಟು ಮಾಡಿದ್ದು ಅರ್ಧ ನನ್ನ ಮೇಲಿನದೇ. ಶಿಕ್ಷೆಯಿದೆ ಎಂದು ನೀವು ಬರೆದಾಗ ಆ ಕಾಗದ ಹಿಡಿದು ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಈಗ ಹೆದರಿಕೆ ಮುಗಿದಿದೆ. ಆದರೆ ದಾರವನ್ನು ಆ ಫೌಜದಾರನ ಕೈಗೆ ಕೊಡುವುದಿಲ್ಲ. ನೀವೇ ಬಂದು ಒಯ್ಯಿರಿ.

ಶಹರಬಾನು


ಬಾಗಲಕೋಟೆ
17 ಅಕ್ಟೋಬರ್ 1981

ಶಹರಬಾನು ಆಪಾ,

ಮೊನ್ನೆ ನಿಮ್ಮ ಮನೆಯಲ್ಲಿ ಕೂತು, ಸಾಕ್ಷಿಗಳ ಎದುರು ದಾರವನ್ನು ಮೊಹರು ಮಾಡಿ ತಂದೆನಲ್ಲ, ಅದರದೇ ವಿಷಯ. ಕಾಯಿಸದೆ ಹೇಳುತ್ತೇನೆ. ಅದು ವಿಭೂತಿಯಲ್ಲ.

ನಮ್ಮ ದೇವರ ಜಗುಲಿಯ ವಿಭೂತಿಯ ಮೇಲೆ ಒಂದು ಹನಿ ಆಸಿಡ್ ಬಿಟ್ಟೆ, ಬುಸುಬುಸು ನೊರೆ ಬಂತು. ದಾರದ ಪುಡಿಯ ಮೇಲೆ ಬಿಟ್ಟೆ, ಏನೂ ಆಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಒಡೆದ ಗಾಜಿನಂಥ ಮೊನಚು ಚೂರುಗಳು, ನಡುನಡುವೆ ಇಳಕಲ್ ಕಲ್ಲಿನ ಕೆಂಪು. ಅದು ಗ್ರಾನೈಟ್ ಪಾಲಿಶ್ ಮಾಡುವಾಗ ಏಳುವ ಪುಡಿ. ಪೂರ್ತಿ ಪರೀಕ್ಷೆಗೆ ಬೆಂಗಳೂರಿಗೂ ಕಳಿಸಿದ್ದೇನೆ.

ಇನ್ನು ನನ್ನ ತಪ್ಪು. ಆ ಇಬ್ಬರ ಕುತ್ತಿಗೆಯ ಪುಡಿಯನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಹೆಣವೆಂದರೆ ವಿಭೂತಿ ಇದ್ದೇ ಇರುತ್ತದೆ. ನನ್ನ ಅಜ್ಜಿಯನ್ನು ಕೂರಿಸಿ ಮೈತುಂಬ ಬಳಿದದ್ದನ್ನು ನೋಡಿದ್ದೇನೆ, ಅಪ್ಪನಿಗೆ ನಾನೇ ಬಳಿದಿದ್ದೇನೆ. ಕಣ್ಣಿಗೆ ಬೂದು ಬಣ್ಣ ಬಿದ್ದ ಕೂಡಲೇ ಕೈ "ವಿಭೂತಿ" ಎಂದು ಬರೆಯಿತು. ಇಕ್ಕಳದಲ್ಲಿ ಹತ್ತಿ ಹಿಡಿದು ಭಕ್ತಿಯಿಂದ ಒರೆಸಿದೆ. ಅದು ಎಲ್ಲಿಂದ ಬಂತು ಎಂದು ಅಷ್ಟು ತರ್ಕ ಮಾಡಿದೆ, ಅದು ಏನು ಎಂದು ಕೇಳಿಕೊಳ್ಳಲಿಲ್ಲ. ಪರವೂರಿನ ಡಾಕ್ಟರಾಗಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲ. ಆ ಹತ್ತಿ ಕೋರ್ಟಿನ ಲಕೋಟೆಯಲ್ಲಿದೆ. ತೆರೆಯಲು ಅನುಮತಿ ಬೇಕು ಎಂದರೆ ನನ್ನ ಮೇಲಿನವರು, "ಬರದದ್ದು ಬರದಾಗೇತಿ ತಂಗೀ, ಈಗ ತಿದ್ದಿದ್ರ ನಮ್ಮೆಲ್ಲರ ಮಾನ ಹೋಗ್ತೈತಿ" ಎನ್ನುತ್ತಾರೆ. ಒಬ್ಬ ಮುದುಕನ ಕೊರಳು ಹೋದರೆ ಇವರ ಮಾನಕ್ಕೆ ಏನೂ ಆಗುವುದಿಲ್ಲವಂತೆ! ನಾನು ನೇರ ಜಡ್ಜರಿಗೇ ಬರೆದಿದ್ದೇನೆ.

ಈಗ ಮುಖ್ಯ ಮಾತು. ಕಲ್ಲಿನ ಪುಡಿಯ ಕೈ, ಎರಡೂ ಸಾವಿನ ಜಾಗದಲ್ಲಿದ್ದ ಕೈ, ಮುಕಾದಮ ಶಂಕ್ರಪ್ಪನದು. ನಾನು ಮೆಚ್ಚಿದ್ದೆನಲ್ಲ, ಅದೇ ಕೈ. ಆದರೆ ಕೇಳಿದರೆ ಅವನ ಉತ್ತರ ಸಿದ್ಧವಿದೆ: ಪಂಚನಾಮೆಯ ಹೊತ್ತಿಗೆ ಸೆರಗು ಬಿಚ್ಚಿದವನು ನಾನು, ಆಗ ಹತ್ತಿರಬಹುದು. ಅದಕ್ಕೇ ಮುಂದೆ ಬಂದು ಬಿಚ್ಚಿದ್ದು. ಮಾಬುಬಿಗೆ ಮಾತ್ರ ಪಂಚನಾಮೆ ಆಗಲಿಲ್ಲ, ಪೊಲೀಸರು ಬರಲಿಲ್ಲ, ನೀವು ಮತ್ತು ತಾಯಿ ಬಿಟ್ಟರೆ ಯಾರೂ ಮುಟ್ಟಲಿಲ್ಲ. ಅವಳ ದಾರದ ಮೇಲಿನ ಪುಡಿಗೆ ಅವನ ಬಳಿ ಉತ್ತರವಿಲ್ಲ. ಅಜ್ಜನನ್ನು ಉಳಿಸುವುದೂ ಇವನನ್ನು ಹಿಡಿಯುವುದೂ ಅವಳೊಬ್ಬಳಿಂದಲೇ ಆಗಬೇಕು. ಆ ಗುರುವಾರ ಮನೆಗೆ ಯಾರು ಬಂದಿದ್ದರು? ಖೈರುನಬಿಯನ್ನು ಕೇಳಿ. ಗೋರಿ ತೆಗೆಯಬೇಕಾಗುತ್ತದೆ ಎಂಬುದನ್ನೂ ಹೇಳಿ, ಮುಚ್ಚಿಡಬೇಡಿ.

ಬನಶಂಕರಿ


ಇಳಕಲ್
27 ಅಕ್ಟೋಬರ್ 1981

ಬಾಯಾರಿಗೆ,

ಕೇಳಿದೆ. ಮೊದಲ ದಿನ ಉರ್ದುವಿನಲ್ಲಿ ಬೈದು ಹೊರಗೆ ಹಾಕಿದಳು. ಎರಡನೆಯ ದಿನ ಕದ ತೆಗೆಯಲಿಲ್ಲ. ಮೂರನೆಯ ದಿನ ಹೊರಗಿನಿಂದಲೇ, "ಖೈರುನಬಿ, ನಿನ್ನ ಮಗಳನ್ನ ಕೊಂದಾಂವ ಮುದುಕನ್ನ ಫಾಶಿಗೆ ಕಳಿಸಿ ಬೀಡಿ ಸೇದಕೋತ ಕುಂತಾನ" ಎಂದು ಕೂಗಿದೆ. ಓಣಿಯೆಲ್ಲ ಕೇಳಿತು. ಕೇಳಲಿ.

ಕದ ತೆಗೆದಳು. ಶಂಕ್ರಪ್ಪ ಮೂರು ಸಲ ಮನೆಗೆ ಬಂದಿದ್ದನಂತೆ, ಮಾಬುಬಿಯನ್ನು ಶೆಡ್ಡಿಗೆ ಕಲ್ಲು ತೊಳೆಯುವ ಕೆಲಸಕ್ಕೆ ಕರೆಯಲು. ಆ ಶೆಡ್ಡಿಗೆ ಹೋದ ಹೆಂಗಸರ ಜೊತೆ ಅವನು ಹೇಗಿರುತ್ತಾನೆ ಎಂಬುದು ಹೆಂಗಸರಿಗೆಲ್ಲ ಗೊತ್ತು. ಮಾಬುಬಿ ಒಲ್ಲೆ ಎಂದು ಮುಖದ ಮೇಲೆ ಹೇಳಿದಳು. ಗುರುವಾರ ಮಧ್ಯಾಹ್ನ ಇನ್ನೊಮ್ಮೆ ಬಂದು ಕೇಳುತ್ತೇನೆ ಎಂದು ಹೋಗಿದ್ದ.

"ಯಾಕ ಹೇಳಲಿಲ್ಲ ನೀ?" ಎಂದೆ.

"ಹೇಳಿದ್ರ ಊರ ಮಂದಿ ಅವನ ಸುದ್ದಿ ಮಾತಾಡತಿದ್ದಿಲ್ಲ, ನನ್ನ ಮಗಳ ಸುದ್ದಿ ಮಾತಾಡತಿದ್ರು" ಎಂದಳು. ಸುಳ್ಳಲ್ಲ ಬಾಯಾರೆ. ಅದೇ ಭಯಕ್ಕೆ ನಾನೂ ಹೂಂ ಎಂದಿದ್ದೆ.

ಮಾಯವ್ವನ ಅತ್ತೆ ಬೋರವ್ವನನ್ನೂ ಕಂಡು ಬಂದೆ. ಮಾಯವ್ವನನ್ನೂ ಅವನು ಕೆಲಸಕ್ಕೆ ಕರೆದಿದ್ದ, ಅವಳೂ ಬೈದು ಕಳಿಸಿದ್ದಳು. ಸಿದ್ದಲಿಂಗವ್ವನ ನೆರೆಮನೆಯವರು ಅದನ್ನೇ ಹೇಳುತ್ತಾರೆ. ಒಲ್ಲೆ ಎಂದ ಮೂವರನ್ನೂ ಕೊಂದಿದ್ದಾನೆ. ಊರಲ್ಲಿ ಹತ್ತು ಹೆಂಗಸರಿಗೆ ತುಂಡು ತುಂಡಾಗಿ ಗೊತ್ತಿದ್ದದ್ದನ್ನು ಒಬ್ಬ ಫೌಜದಾರನೂ ಬಂದು ಕೇಳಲಿಲ್ಲ. ಹೆಂಗಸರನ್ನು ಕೇಳಿದರೆ ಅವನ ಟೊಪ್ಪಿಗೆ ಬೀಳುತ್ತಿತ್ತೇನು?

ಗೋರಿಯ ಮಾತು ಎತ್ತಿದಾಗ ಖೈರುನಬಿ ಎದ್ದು ಮಗ್ಗದ ಧೂಳು ಒರೆಸತೊಡಗಿದಳು. ಕೊನೆಗೆ, "ಆ ಡಾಕ್ಟರಬಾಯಿನ ಬರಲಿ. ಗಂಡಸರ ಕೈ ತಾಕಬಾರದು. ನೀ ಬಾಜೂಕ ನಿಂದ್ರಬೇಕು" ಎಂದಳು. ಬರುತ್ತೀರಲ್ಲ?

ಶಹರಬಾನು


ಇಳಕಲ್
30 ನವೆಂಬರ್ 1981

ಬಾಯಾರಿಗೆ,

ನೀವು ಹೋದ ಮೇಲೆ ಮಾಬುಬಿಯನ್ನು ಮತ್ತೆ ಮಣ್ಣಿಗೆ ಇಳಿಸಿದೆವು. ಕುತ್ತಿಗೆಯ ಆ ಸಣ್ಣ ಎಲುಬು ಮುರಿದದ್ದನ್ನು ತೋರಿಸಿದಿರಲ್ಲ, ಖೈರುನಬಿ ಅದನ್ನು ಮತ್ತೆ ಮತ್ತೆ ಕೇಳುತ್ತಾಳೆ, ನೋವಾಗಿತ್ತೇನು ಎಂದು. ಬೇಗ ಮುಗಿಯಿತು ಎಂದು ಹೇಳಿದ್ದೇನೆ. ನೀವೂ ಕೇಳಿದರೆ ಹಾಗೇ ಹೇಳಿ.

ಮೊನ್ನೆ ಶಂಕ್ರಪ್ಪನನ್ನು ಹಿಡಿದುಕೊಂಡು ಹೋದರು. ಬೆಂಗಳೂರಿನ ಕಾಗದ ಬಂದ ಮೇಲೇ ಹಿಡಿದದ್ದು. ಅಲ್ಲಿಯ ತನಕ ಆ ಫೌಜದಾರ ಅವನ ಶೆಡ್ಡಿನಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಗೋರಿ ತೆಗೆಸಿದೆ ಎಂದು ಓಣಿಯಲ್ಲಿ ಕೆಲವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹೋದ ವಾರ ಮುದುಕಿ ರಂಜಾನಬಿ ತೀರಿಕೊಂಡಳು. ಸ್ನಾನ ಮಾಡಿಸಲು ನನ್ನನ್ನು ಕರೆಯಲಿಲ್ಲ, ಹುನಗುಂದದಿಂದ ಬೇರೆಯವಳನ್ನು ಕರೆಸಿದರು. ನನ್ನ ಎದುರಿಗೇ ಕರೆದುಕೊಂಡು ಹೋದರು.

ಇಷ್ಟಾದರೂ ಅಜ್ಜನನ್ನು ಇನ್ನೂ ಬಿಟ್ಟಿಲ್ಲ. ಕೋರ್ಟಿನ ತಾರೀಖು ಬರಬೇಕಂತೆ. ಕೊಂದವನು ಸಿಕ್ಕ ಮೇಲೂ ಇವರನ್ನು ಯಾಕೆ ಇಟ್ಟುಕೊಂಡಿದ್ದಾರೆ? ಕೋರ್ಟಿನಲ್ಲಿ ನೀವು ಏನು ಹೇಳುತ್ತೀರಿ? ಗೊತ್ತಾಗಲಿಲ್ಲ, ಪೊಲೀಸರು ಆ ಹತ್ತಿಯನ್ನು ಲ್ಯಾಬಿಗೆ ಕಳಿಸಲಿಲ್ಲ ಎಂದು ಜಾರಿಕೊಳ್ಳಲು ನಿಮಗೆ ದಾರಿಯಿದೆ. ನನಗೆ ಅದನ್ನು ಕೇಳುವ ಹಕ್ಕಿಲ್ಲ, ಆದರೂ ಕೇಳುತ್ತಿದ್ದೇನೆ.

ಶಹರಬಾನು


ಬಾಗಲಕೋಟೆ
9 ಮಾರ್ಚ್ 1982

ಆಪಾ,

ಬಿಜಾಪುರದ ಕೋರ್ಟಿನಲ್ಲಿ ಅವತ್ತು ನೀವು ನಿಮ್ಮ ಸಾಕ್ಷಿ ಮುಗಿಸಿ ಬಸ್ಸಿಗೆ ಹೊರಟು ಹೋದಿರಿ. ನಂತರ ನಡೆದದ್ದು ಇದು.

ವಕೀಲರು ಕೇಳಿದರು, "ಪರೀಕ್ಷೆ ಮಾಡದೆ ವಿಭೂತಿ ಎಂದು ಬರೆದಿರಾ?" ಹೌದು ಎಂದೆ. "ನಿಮ್ಮ ಆ ಒಂದು ಮಾತಿನಿಂದಲೇ ಈ ಮನುಷ್ಯ ಎಂಟು ತಿಂಗಳು ಒಳಗಿದ್ದಾನೆ, ಗೊತ್ತೇ?" ಗೊತ್ತು ಎಂದೆ. ಪೊಲೀಸರ ಹೆಸರು ಎತ್ತಲಿಲ್ಲ. ಹತ್ತಿಯ ಲಕೋಟೆಯನ್ನು ಎಲ್ಲರೆದುರು ತೆರೆಸಿದೆ, ಅದರಲ್ಲೂ ಕಲ್ಲಿನ ಪುಡಿಯೇ ಇತ್ತು. ಅಜ್ಜನನ್ನು ಅಂದೇ ಬಿಟ್ಟರು. ಶಂಕ್ರಪ್ಪನ ವಿಚಾರಣೆ ಬೇರೆ ನಡೆಯುತ್ತಿದೆ, ಅವನು ಹೊರಗೆ ಬರುವುದು ಸುಳ್ಳು.

ಇನ್ನು ನಗಬೇಕೋ ಅಳಬೇಕೋ ಗೊತ್ತಾಗದ ಸುದ್ದಿ. ಮೂರು ಕೊಲೆ ಪತ್ತೆ ಹಚ್ಚಿದ್ದಕ್ಕೆ ಫೌಜದಾರನಿಗೆ ಶಾಭಾಸ್‌ಗಿರಿಯ ಪತ್ರ ಬಂದಿದೆ. ನನಗೆ ಮೆಮೋ ಬಂದಿದೆ. ಮೆಮೋ ಬರಬೇಕಾದದ್ದೇ, ಅದಕ್ಕೆ ತಕರಾರಿಲ್ಲ. ಆದರೆ ಅದರಲ್ಲಿರುವ ತಪ್ಪು, ಪರೀಕ್ಷೆ ಮಾಡದೆ ಬರೆದದ್ದಲ್ಲವಂತೆ. ಮೇಲಿನವರನ್ನು ಕೇಳದೆ ಜಡ್ಜರಿಗೆ ಬರೆದದ್ದಂತೆ! ಇವರ ನಾಚಿಕೆ ಎಲ್ಲಿ ಹೋಯಿತೋ. ಕೋರ್ಟಿನಲ್ಲಿ ಕೆಲವರು ನನ್ನ ಕೈ ಕುಲುಕಿ, ನಿಮ್ಮಂಥ ಧೈರ್ಯವಂತರು ಬೇಕು ಎಂದರು. ಸುಳ್ಳು ಯಾಕೆ ಹೇಳಲಿ, ಬರುವಾಗ ಬಸ್ಸಿನಲ್ಲಿ ನನಗೂ ಸ್ವಲ್ಪ ಹಾಗೆ ಅನ್ನಿಸಿತ್ತು.

ನಿನ್ನೆ ಬೆಳಿಗ್ಗೆ ಹೊಳಬಸಪ್ಪಜ್ಜ ಮನೆಗೆ ಬಂದರು. ವಿಳಾಸ ನೀವೇ ಕೊಟ್ಟಿದ್ದಂತೆ. ಕುರ್ಚಿ ಹಾಕಿದೆ, ಕೂರಲಿಲ್ಲ. ಬಲಗೈಯ ಎರಡು ಬೆರಳು ಮಡಿಚುವುದಿಲ್ಲ. ಗಟ್ಟಿ ಕಟ್ಟಲು ಆಗುವುದಿಲ್ಲ ಎಂದು ಅವರು ಹೇಳಲಿಲ್ಲ, ನಾನೇ ನೋಡಿ ತಿಳಿದುಕೊಂಡೆ. ನಾನು ಕೈ ಮುಗಿದು ತಪ್ಪಾಯಿತು ಎಂದೆ. ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಹಣೆಯನ್ನೇ ನೋಡುತ್ತಿದ್ದರು.

"ದಿನಾ ವಿಭೂತಿ ಹಚಗೋತೀರಿ?" ಎಂದರು.

"ಹೌದ್ರಿ ಅಜ್ಜಾರ."

"ಹುಟ್ಟಿದಾಗಿಂದ?"

"ಹೌದ್ರಿ."

"ವಿಭೂತಿ ಬೆರಳಾಗ ಬೆಣ್ಣಿ ಆಕ್ಕೈತಿ. ಕಲ್ಲಿನ ಪುಡಿ ಚುಚ್ಚತೈತಿ. ಕಣ್ಣಿಲ್ಲದಾಂವ ಸುದ್ದಾ ಹೇಳ್ತಾನ. ನಿಮ್ಮ ಮಿಶನ್ನು, ಆಸಿಡ್ಡು ಏನೂ ಬೇಕಾಗಿದ್ದಿಲ್ರಿ. ನನ್ನ ಒಳಗ ಹಾಕೂ ಮುಂಚೆ ಒಂದ ಸಲ, ಒಂದ ಸಲ ಬೆರಳಾಗ ತಿಕ್ಕಿ ನೋಡಿದ್ರ ಏನಾಗತಿತ್ರಿ ತಾಯಿ?"

ಯಾವ ವಕೀಲನೂ ನನ್ನನ್ನು ಹೀಗೆ ಕೇಳಿರಲಿಲ್ಲ. ಒಳಗೆ ಹೋಗಿ ನೀರು, ಬೆಲ್ಲ ತಂದೆ. ಅವರು ಆಗಲೇ ಮೆಟ್ಟಿಲು ಇಳಿದಿದ್ದರು. ಕರೆದೆ. ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋದರು. ಅವರ ಜಾಗದಲ್ಲಿದ್ದರೆ ನಾನೂ ನನ್ನ ಮನೆಯ ನೀರು ಮುಟ್ಟುತ್ತಿರಲಿಲ್ಲ.

ಬನಶಂಕರಿ